ನಿನ್ನ ಚೀಲದ ನೂಲು

ತಿ. ನರಸೀಪುರ
೧೨-೯-೨೦೦೨

ಮುದ್ದಿನ ಮಗಳು ವಾಣಿಗೆ,

ನಿನ್ನ ಅಪ್ಪನ ಆಶೀರ್ವಾದಗಳು. ನಾವಿಬ್ಬರೂ ಕ್ಷೇಮ. ಯುಗಾದಿಯಿಂದ ಈಚೆಗೆ ನಿನ್ನ ಮೂರು ಕಾಗದ ಬಂದವು. ಒಂದಕ್ಕೂ ಉತ್ತರ ಬರೆಯಲಿಲ್ಲ. ಮೈಕಿಲ್ಲದ ನಾಟಕದಲ್ಲಿ ಹೊಳೆಯಾಚೆಗೂ ಕೇಳುವಂತೆ ಅಬ್ಬರಿಸಿದ ಗಂಟಲು ಇದು, ಒಂದು ಇನ್‌ಲ್ಯಾಂಡ್ ಲೆಟರಿನ ಮುಂದೆ ಐದು ತಿಂಗಳು ಕಟ್ಟಿಕೊಂಡು ಕೂತಿತ್ತು. ಕ್ಷಮಿಸು ತಾಯಿ.

ಇಲ್ಲಿಯ ಸಮಾಚಾರ ಕೇಳು. ನಮ್ಮ ಬೀದಿಯಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದ ಎಂಟು ಮನೆಗಳಲ್ಲಿ ಎರಡೇ ಉಳಿದಿವೆ. ಆ ಎರಡರಲ್ಲಿ ನಮ್ಮದಿಲ್ಲ. ಚೀನಾದ ನೂಲು ಹಡಗಿನಲ್ಲಿ ಬಂದಿಳಿದ ಮೇಲೆ ವ್ಯಾಪಾರಿ ಬಸವಣ್ಣ ಇತ್ತ ತಲೆ ಹಾಕುವುದನ್ನೇ ಬಿಟ್ಟ. ಚರಕ ನಿಂತು ತಿಂಗಳಾಯಿತು. ಗೂಡು ಬೇಯಿಸುತ್ತಿದ್ದ ತೊಟ್ಟಿಯಲ್ಲಿ ನಿನ್ನ ಅಮ್ಮ ಹಸುವಿಗೆ ಹಿಂಡಿ ನೆನೆಹಾಕುತ್ತಾಳೆ. ಹಾಲು ಡೈರಿಗೆ ಹೋಗುತ್ತದೆ, ನೀನು ಕಳಿಸಿದ ದುಡ್ಡಿನಲ್ಲಿ ಸೂರಿಗೆ ಶೀಟು ಬಂದಿದೆ. ಹೊಟ್ಟೆಗೇನೂ ಕಡಿಮೆಯಿಲ್ಲ, ಕೈಗೆ ಮಾತ್ರ ಕೆಲಸವಿಲ್ಲ.

ಹೋದ ಭಾನುವಾರ ಪಾಪಮ್ಮ ಬಂದಿದ್ದಳು. ಇಪ್ಪತ್ತು ವರ್ಷ ನಮ್ಮ ತೊಟ್ಟಿಯ ಕುದಿನೀರಿನಲ್ಲಿ ಕೈಯಾಡಿಸಿ ಎಳೆ ಹುಡುಕಿದವಳು. ನಂಜನಗೂಡಿನ ನಿಮ್ಮ ನೇಯ್ಗೆ ಮಿಲ್ಲಿಗೆ ನೀನು ಸೇರಿಸಿದ ಮೇಲೆ ವಾರಕ್ಕೊಂದು ರಜೆಯಂತೆ, ಪಿ.ಎಫ್. ಅಂತೆ. ನಾನು ಜಗಲಿಯ ಮೇಲೆ ನಿಂತು ಚೀನಾದವರ ಮೇಲೆ ಒಂದು ಅಂಕದಷ್ಟು ಉದ್ದದ ಸಂಭಾಷಣೆ ಒಪ್ಪಿಸಿದೆ. ಅವಳು ಕೊನೆಯವರೆಗೂ ಕೇಳಿ, ಎರಡೂ ಕೈ ಚಾಚಿದಳು.

“ನೋಡ್ರಣ್ಣ, ಬೆರಳ್ಗೆಲ್ಲ ಚರ್ಮ ಬಂದದೆ. ನನ್ ಕೈನೇ ನಂಗ್ ಗುರ್ತು ಸಿಗಾಕಿಲ್ಲ.”

ನನ್ನ ಕೈಕೆಳಗೆ ಆ ಬೆರಳುಗಳ ಹುಣ್ಣು ಒಂದು ದಿನವೂ ಮಾಯಲಿಲ್ಲ ಮಗಳೇ. ನಾನು ಅದನ್ನು ನೋಡಿಯೂ ಇರಲಿಲ್ಲ.

ಒಳಗಿನಿಂದ ನಿನ್ನ ಅಮ್ಮ, “ರಾಜಾಪಾರ್ಟು ಮುಗೀತಾ? ಮುಗ್ದಿದ್ರೆ ಬಣ್ಣ ಒರೆಸ್ಕಂಡು ಮಗಳ್ಗೊಂದು ಕಾಗ್ದ ಬರೀರಿ” ಅಂದಳು.

ಯುಗಾದಿಯ ದಿನ ನೀನು, ಮಿಲ್ಲಿಗೆ ಬರುವ ಚೀನಾ ನೂಲನ್ನು ಮುಟ್ಟಿ ಗುಣ ಹೇಳುವವರು ಬೇಕಂತೆ, ಬಾರಪ್ಪ ಎಂದು ಕರೆದೆ. ಚೀನಾ ನೂಲು ಮುಟ್ಟಿದ ಕೈ ಈ ಹೊಸ್ತಿಲು ದಾಟಕೂಡದು ಎಂದು ನಾನು ಗರ್ಜಿಸಿದೆ. ಒಬ್ಬಟ್ಟು ಬಡಿಸಿದ ಎಲೆ ಬಿಟ್ಟು ನೀನು ಬಸ್ಸು ಹತ್ತಿದೆ. ಹೊಸ್ತಿಲು ನಿನ್ನದೇ ಕಣವ್ವ. ದಸರೆಗೆ ಬಾ. ಆ ಕೆಲಸ ಇನ್ನೂ ಖಾಲಿಯಿದ್ದರೆ ಒಂದು ಮಾತು ವಿಚಾರಿಸು.

ಕಪಿಲೆ ಕಾವೇರಿ ಕೂಡುವ ನಮ್ಮೂರ ನೀರಿನ ಹಾಗೆ ತಂಪಾಗಿ ಬಾಳು.

ನಿನ್ನ ಅಪ್ಪ,
ಸಿದ್ದರಾಜು

ತಾ.ಕ.: ವಿಚಾರಿಸುವ ಮೊದಲು ಇದನ್ನು ತಿಳಿದುಕೋ. ಯುಗಾದಿಯ ದಿನ ನೀನು ಎಣ್ಣೆಸ್ನಾನಕ್ಕೆ ಹೋದಾಗ, ನನಗೆ ತೋರಿಸಲೆಂದು ನಿನ್ನ ಚೀಲದಲ್ಲಿ ತಂದಿದ್ದ ಚೀನಾ ನೂಲಿನಲ್ಲಿ ಒಂದು ಗೇಣು ಕತ್ತರಿಸಿದೆ. ಗುರುತಿಗೆ ಅದರ ತುದಿಗೆ ಗಂಟು ಹಾಕಿ, ನನ್ನ ನೂಲಿನ ಜೊತೆ ಬೆರೆಸಿ, ಕಣ್ಣು ಮುಚ್ಚಿ ಎರಡನ್ನೂ ಉಜ್ಜಿ ನೋಡಿದೆ. ಒಂದು ಎಳೆ ಸಮವಾಗಿ, ನುಣ್ಣಗೆ ಜಾರಿತು. ಇದು ಸಿದ್ದರಾಜುವಿನ ಕೈ ಎಂದು ಹೆಮ್ಮೆಯಿಂದ ಕಣ್ಣು ತೆರೆದರೆ, ತುದಿಯಲ್ಲಿ ಗಂಟಿತ್ತು. ಆಮೇಲೆ ಎಲೆ ಮುಂದೆ ಕೂತು ನೀನು, “ಹೆಂಗದಪ್ಪ ನೂಲು?” ಅಂದೆ.

ಚೆನ್ನಾಗದೆ ಮಗಳೇ. ನಮ್ಮದಕ್ಕಿಂತ ಚೆನ್ನಾಗದೆ.