ಎಡೆಗಿಟ್ಟ ಬಿಳಿ ಅಂಗಿ

ತೋಟದ ಮನೆ, ನಂಗವಳ್ಳಿ ದಾರಿ
23-9-2025, ಮಂಗಳವಾರ

ನನ್ನ ಮುದ್ದು ಮೊಮ್ಮಗ ಅಶ್ವತ್ಥನಿಗೆ ಅಜ್ಜಿಯ ಆಶೀರ್ವಾದ.

ಚೆನ್ನಾಗಿದೀಯಾ ಕಂದಾ? ಹೊತ್ತಿಗೆ ಸರಿಯಾಗಿ ಉಣ್ತೀಯಾ? ಬೋರ್ ಕೊರೆಯೋ ಲಾರಿ ಕೆಲಸ ಅಂದ್ರೆ ಮೈಯೆಲ್ಲ ಕಲ್ಲಿನ ಧೂಳು. ಕೆಮ್ಮು ಬಂದ್ರೆ ಬಿಸಿನೀರಿಗೆ ಮೆಣಸು ಕುಟ್ಟಿ ಹಾಕ್ಕೊಂಡು ಕುಡಿ. ರಾಯಪುರದಲ್ಲಿ ರಾಗಿ ಸಿಗಲ್ಲ, ಬರೀ ಚಪಾತಿ ಅಂದಿದ್ದೆ, ಅಯ್ಯೋ ನನ್ನ ಮಗನೇ. ಇಲ್ಲಿ ನನ್ನ ಮಂಡಿ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸರಿಯಾಗೈತೆ. ಕರಿ ಎಮ್ಮೆ ಹೆಣ್ಣುಗರು ಹಾಕೈತೆ. ನಿಮ್ಮಪ್ಪ ಪುಟ್ಟಪ್ಪ ನನ್ನ ಮೇಲೆ ಮುನಿಸ್ಕೊಂಡು ಮಾತು ಬಿಟ್ಟವನೆ. ಬಿಡ್ಲಿ, ನನ್ನ ಹೊಟ್ಟೇಲಿ ಹುಟ್ಟಿದೋನು ಅವನು, ಅವನ ಹೊಟ್ಟೇಲಿ ನಾನಲ್ಲ.

ಫೋನಿರೋವಾಗ ಕಾಗದ ಯಾಕೆ ಅಂತ ನಗಬೇಡ. ನಿನ್ನ ಗೆಳೆಯ ನಿರೋಶನ್ ಹೆಸರು ಎತ್ತಿದ ಕೂಡಲೆ ನಿನಗೆ ಟವರ್ ಹೋಗಿಬಿಡ್ತೈತೆ. ಕಾಗದಕ್ಕೆ ಟವರ್ ಬೇಕಾಗಿಲ್ಲ. ನೀನು ತಮಿಳು ಇಸ್ಕೂಲಿಂದ ಬಂದಮೇಲೆ ಕಿವಿ ಹಿಂಡಿ ಕೂರಿಸಿ ನಾಲ್ಕು ಕನ್ನಡ ಅಕ್ಷರ ಕಲಿಸಿದ್ನಲ್ಲ, ಇವತ್ತು ಕೆಲಸಕ್ಕೆ ಬಂತು. ನಿನ್ನ ಜೊತೆಯೋರಿಗೆ ಓದೋಕೆ ಬರಲ್ಲ, ಒಳ್ಳೇದೇ ಆಯ್ತು. ಇದರ ಜೊತೆ ಬಂದಿರೋ ಬಿಳಿ ಅಂಗೀನ ಈಗಲೇ ಹಾಕ್ಕೋಬೇಡ. ಮೊದಲು ಪೂರ್ತಿ ಓದು.

ಮೊನ್ನೆ ಭಾನುವಾರ ಮಾಲಯ ಅಮಾಸೆ. ಮನೆಯ ಸತ್ತೋರಿಗೆಲ್ಲ ಎಡೆ ಇಟ್ವಿ. ನಿಮ್ಮ ತಾತನಿಗೆ ಪಂಚೆ, ನಿಮ್ಮವ್ವನಿಗೆ ಸೀರೆ. ಅದರ ಪಕ್ಕ ನಾನೊಂದು ಎಲೆ ಜಾಸ್ತಿ ಹಾಕಿ ಮುದ್ದೆ, ಕೋಳಿಸಾರು ಬಡಿಸಿ ಆ ಬಿಳಿ ಅಂಗಿ ಇಟ್ಟೆ. ನಿಮ್ಮಪ್ಪ ಕರ್ಪೂರ ಹಿಡ್ಕೊಂಡು ನಿಂತೋನು, "ಇದ್ಯಾರಿಗವ್ವಾ?" ಅಂದ. ನಿರೋಶನ್‌ಗೆ ಅಂದೆ. "ಊರ ಸಾವನ್ನೆಲ್ಲ ಮನೆಯೊಳಕ್ಕೆ ತರ್ತೀಯಾ? ಅವ್ನು ಯಾರು, ನಾವ್ಯಾರು? ಓಗು, ಎಲೆ ತೆಗಿ" ಅಂದ. ನಾನು ತೆಗೀಲಿಲ್ಲ.

ಅವನು ಯಾರೂ ಅಲ್ವಾ ಅಶ್ವತ್ಥಾ? ಗೋಡೆಗೆ ಬಣ್ಣ ಬಳಿಯೋಕೆ ಬಂದೋನು ಅಡುಗೆಮನೆ ತನಕ ಬಂದ. ನನ್ನ ಅಮ್ಮಮ್ಮಾ ಅಂತಿದ್ದ. ಮುದ್ದೆ ನುಂಗೋಕೆ ಬಾರದೆ ಎಮ್ಮೆ ಮೆಲುಕು ಹಾಕ್ದಂಗೆ ಅಗೀತಾ ಕೂತ್ರೆ ನೀನು ಬಿದ್ದು ಬಿದ್ದು ನಗ್ತಿದ್ದೆ. ಅಂಗಿ ತುಂಬ ಬಣ್ಣದ ಚುಕ್ಕಿ. ಒಂದು ಬಿಳಿ ಅಂಗಿ ಕೊಡಿಸ್ತೀನಿ ಕಣೋ ಅಂದ್ರೆ, ಬಣ್ಣ ಬಳಿಯೋನಿಗೆ ಬಿಳಿ ಅಂಗಿ ಕಲ್ಯಾಣಕ್ಕೇ ಅಮ್ಮಮ್ಮಾ ಅನ್ನೋನು. ಅವನವ್ವ ಸಿಲೋನಿಂದ ದೋಣೀಲಿ ಓಡಿಬಂದೋಳು, ನಿಜ. ಅವನು ಹುಟ್ಟಿದ್ದು ಇಲ್ಲೇ ಸಿಲೋನಿನೋರ ಕ್ಯಾಂಪಲ್ಲಿ. ಆದ್ರೂ ಊರೋರ ಬಾಯಲ್ಲಿ ಸಾಯೋ ತನಕ ಅಗತಿ, ಅಗತಿ. ಹುಟ್ಟಿದ ಊರಲ್ಲೇ ನಿರಾಶ್ರಿತ ಆಗೋದು ಎಂಥಾ ಕರ್ಮಾನೋ.

ಎರಡು ತಿಂಗಳ ಹಿಂದೆ, ಆಡಿ ತಿಂಗಳಲ್ಲಿ, ಕೆರೆ ಏರಿ ಕೆಳಗೆ ತಲೆ ಒಡೆದು ಬಿದ್ದಿದ್ದ ಅವನನ್ನ ಕುರಿ ಮೇಯಿಸೋರು ಕಂಡ್ರು. ಪೋಲೀಸಿನೋರು ಕ್ಯಾಂಪಲ್ಲಿ ನಾಲ್ಕು ಮಂದೀನ ಕೇಳಿದ್ರು, ಅವರವರೇ ಹೊಡೆದಾಡಿರ್ತಾರೆ ಅಂದ್ರು, ಹೋದ್ರು. ನಮ್ಮ ಮನೆಗೂ ಬಂದಿದ್ರು. ನಿಮ್ಮಪ್ಪ "ನನ್ ಮಗ ಸಾಯಂಕಾಲದಿಂದ ಮನೇಲೇ ಇದ್ದ ಸಾರ್" ಅಂದ. ನೀನು ಬಾಗಿಲ ಹಿಂದೆ ತಲೆ ಬಗ್ಗಿಸ್ಕೊಂಡು ನಿಂತಿದ್ದೆ. ಆ ವಾರವೇ ಬೋರ್ ಲಾರಿ ಹತ್ತಿದೆ.

ಎಡೆ ಇಟ್ಟ ದಿನ ಅವನವ್ವನೂ ಬಂದಿದ್ಲು, ನಾನೇ ಕರೆಸಿದ್ದೆ. ಎಲೆ ಮುಂದೆ ಕೂತು ಅಳಲೂ ಇಲ್ಲ. ನನ್ನ ಕೈ ಹಿಡ್ಕೊಂಡು "ಆರ್ ಎಂಡು ಮಟ್ಟುಂ ಸೊಲ್ಲುಂಗೋ ಅಮ್ಮಾ" ಅಂದ್ಲು. ಯಾರು ಅಂತ ಮಾತ್ರ ಹೇಳಿ ಅಂತ. ಶಿಕ್ಷೆ ಕೇಳಲಿಲ್ಲ ಮಗಾ, ಹೆಸರು ಕೇಳಿದ್ಲು.

ಎಡೆಗಿಟ್ಟ ಬಟ್ಟೆ ಪೆಟ್ಟಿಗೆ ಸೇರಬಾರದು, ಮನೆಯೋರು ಯಾರಾದ್ರೂ ಉಡಬೇಕು, ಇಲ್ದಿದ್ರೆ ಸತ್ತೋರು ಬರಿಮೈಯಲ್ಲಿ ತಿರುಗಿ ಹೋಗ್ತಾರೆ ಅನ್ನೋದು ನಮ್ಮಲ್ಲಿ ಮಾತು. ತಾತನ ಪಂಚೆ ನಿಮ್ಮಪ್ಪ ಉಟ್ಕೊಂಡ. ಸೀರೆ ನಾನು ಉಟ್ಟೆ. ಅಂಗಿ ಉಳೀತು. ಅವನ ಓರಗೆಯೋನು, ಅವನ ಜೊತೆ ಒಂದೇ ತಟ್ಟೇಲಿ ಉಂಡೋನು ಈ ಮನೇಲಿ ನೀನೊಬ್ಬನೇ.

ಮೈ ಜೋಪಾನ. ಎಣ್ಣೆ ಹಚ್ಕೊಂಡು ತಲೆಗೆ ನೀರು ಹಾಕ್ಕೋ. ಮಾದಪ್ಪ ನಿನ್ನ ಬೆನ್ನಿಗಿರ್ಲಿ.

ಇಂತಿ ನಿನ್ನ ಅಜ್ಜಿ,
ಮಂಜುಳಮ್ಮ

ಮರೆತಿದ್ದೆ: ಪೋಸ್ಟಿನೋನು ಬರೋ ಹೊತ್ತಾಯ್ತು, ಬೇಗ ಬರೀತೀನಿ. ನಿಮ್ಮಪ್ಪ ಮಾತು ಬಿಟ್ಟಿದ್ದು ಎಲೆಗಲ್ಲ. ನಿನ್ನೆ ನಾನು ಸ್ಟೇಷನ್ನಿಗೆ ಹೋಗಿದ್ದೆ. ಅವತ್ತು ಸಾಯಂಕಾಲ ನೀನೂ ನಿರೋಶನ್ನೂ ಒಂದೇ ಬೈಕಲ್ಲಿ ಹೋದ್ರಿ, ನೀನೊಬ್ಬನೇ ನಡ್ಕೊಂಡು ಬಂದು ತೊಟ್ಟಿ ಹತ್ರ ವಾಂತಿ ಮಾಡ್ಕೊಂಡೆ ಅಂತ ಹೇಳಿ ಹೆಬ್ಬೆಟ್ಟೊತ್ತಲಿಲ್ಲ, ಸೈನೇ ಹಾಕಿ ಬಂದೆ. ನೀನು ಕೈ ಎತ್ತಿಲ್ಲ, ಹೆದರಿ ಓಡಿಬಂದೆ ಅಂತ ನಂಗೆ ಗೊತ್ತು. ಅವರಿಗೆ ಗೊತ್ತಿಲ್ಲ. ಅವರು ನಿನ್ನ ಹುಡುಕ್ಕೊಂಡು ಬರೋ ಮುಂಚೆ ನೀನೇ ಬಾ. ಆ ಅಂಗಿ ಹಾಕ್ಕೊಂಡು ಬಾ, ಮೊದಲು ಅವನವ್ವನ ಹತ್ರ ಹೋಗಿ ಹೊಡೆದೋರ ಹೆಸರು ಹೇಳು. ಸ್ಟೇಷನ್ನಿಗೆ ನಿನ್ನ ಜೊತೆ ನಾನು ಬರ್ತೀನಿ.