ಒಬ್ಬರೂ ಬೀಳದ ಕೇಂದ್ರ

ಹಿರಿಯರ ಶುಶ್ರೂಷಾ ಕೇಂದ್ರಗಳನ್ನು ತಪಾಸಣೆ ಮಾಡಿ ದರ್ಜೆ ಕೊಡುವ ಮಾನ್ಯ ಅಧಿಕಾರಿಗಳೇ,

ಮಂಡ್ಯದ ಹೊರವಲಯದ ಶುಶ್ರೂಷೆ ಮತ್ತು ಪುನಶ್ಚೇತನ ಕೇಂದ್ರವೊಂದಕ್ಕೆ ತಾವು ಹೋದ ವರ್ಷ ದಯಪಾಲಿಸಿದ ‘ಅತ್ಯುತ್ತಮ’ ದರ್ಜೆಯನ್ನು ನಂಬಿ ನಮ್ಮತ್ತೆ ಹೊಂಬಾಳಮ್ಮನವರನ್ನು ಅಲ್ಲಿಗೆ ಸೇರಿಸಿದೆವು. ವಾಕರ್ ಹಿಡಿದು ಒಳಗೆ ಹೋದವರು ಗಾಲಿಕುರ್ಚಿಯಲ್ಲಿ ಹೊರಗೆ ಬಂದರು. ನಡಿಗೆ ಕಲಿಸುವ ಜಾಗದಲ್ಲಿ ನಡಿಗೆ ಮರೆಸಿ ಕಳಿಸಿದ ಈ ಸಾಧನೆಯಲ್ಲಿ ತಮ್ಮ ಪಾಲೂ ಇದೆ ಎಂದು ತಿಳಿಸಲು ಈ ಪತ್ರ.

ಅತ್ತೆ ಕೆರಗೋಡಿನ ನಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಮಾಡಿದ ಡಾಕ್ಟರು ಅವರನ್ನು ಎಬ್ಬಿಸಿ ನಿಲ್ಲಿಸಿ, ದಿನಾ ನಡೆಸಿದರೆ ಮೊದಲಿನಂತಾಗುತ್ತಾರೆ ಅಂದಿದ್ದರು. ಕೇಂದ್ರದಲ್ಲಿ ನಾನು ಕಂಡದ್ದೇನು? ರೋಗಿಗಳು ಕೈಯೂರಿ ನಡೆಯಲೆಂದು ಹಾಕಿದ ಜೋಡಿ ಸರಳುಗಳ ಮೇಲೆ ಹಾಸಿಗೆ ಬಟ್ಟೆ ಒಣಗುತ್ತಿತ್ತು. ಅತ್ತೆಯನ್ನು ಯಾಕೆ ನಡೆಸುತ್ತಿಲ್ಲ ಎಂದರೆ ಆಯಾ ನನ್ನ ಮೇಲೇ ಹರಿಹಾಯ್ದಳು: “ನಿಲ್ಸುದ್ರೆ ಬೀಳ್ತಾರೆ ಕಣಕ್ಕ. ಬಿದ್ರೆ ನಮ್ ತಲೆಗೆ ಬತ್ತದೆ. ಮನಿಕ್ಕಂಡಿರ್ಲಿ ಬುಡಿ.”

ಈ ವರ್ಷ ತಾವು ಬರುವ ಸುದ್ದಿ ತಮಗಿಂತ ಮೊದಲೇ ಬಂದಿತ್ತು. ಒಣಹಾಕಿದ್ದ ಬಟ್ಟೆ ಮಾಯವಾಗಿ ಸರಳುಗಳು ಫಳಫಳ ಹೊಳೆದವು. “ಈ ವರ್ಷ ನಮ್ಮಲ್ಲಿ ಒಬ್ರೂ ಬಿದ್ದಿಲ್ಲ ಸಾರ್” ಎಂದು ಮುಖ್ಯಸ್ಥರು ಎದೆಯುಬ್ಬಿಸಿದಾಗ ತಾವು ಮೆಚ್ಚಿ ತಲೆದೂಗಿದಿರಿ. ಹಾಸಿಗೆ ಬಿಟ್ಟು ಏಳದವರು ಎಲ್ಲಿಗೆ ಬೀಳುತ್ತಾರೆ ಸ್ವಾಮಿ? ಆ ಲೆಕ್ಕಕ್ಕೆ ಶವಾಗಾರಗಳಿಗೂ ಅತ್ಯುತ್ತಮ ದರ್ಜೆ ಸಲ್ಲಬೇಕಲ್ಲವೇ? ಅಲ್ಲಿಯೂ ಯಾರೂ ಬಿದ್ದ ವರದಿಯಿಲ್ಲ.

ಆಮೇಲೆ ಅತ್ತೆಯ ಮಂಚದ ಬಳಿ ಬಂದು ಏನಾದರೂ ತೊಂದರೆ ಇದೆಯಾ ಎಂದು ವಿಚಾರಿಸಿದಿರಿ.

“ಏನೂ ಇಲ್ಲ ಕಣಪ್ಪ, ಎಲ್ಲಾ ಚೆನ್ನಾಗದೆ. ಉಂಡ್ಕೊಂಡು ಓಗು. ಎದ್ದು ನಿಂತ್ಕಳಕಾಯ್ತಿಲ್ಲ, ತಪ್ಪು ತಿಳ್ಕಬ್ಯಾಡ” ಅಂದರು ಅತ್ತೆ.

ತಾವು ನಕ್ಕು, ನಿವಾಸಿಗಳು ತೃಪ್ತರಿದ್ದಾರೆ ಎಂದು ಜೊತೆಯವರಿಂದ ಬರೆಸಿ, ಅದೇ ದರ್ಜೆಯನ್ನು ಈ ವರ್ಷಕ್ಕೂ ಮುಂದುವರಿಸಿದಿರಿ. ಪಕ್ಕದಲ್ಲೇ ನಿಂತಿದ್ದ ನಾನು ಬಾಯಿ ತೆಗೆಯುವಷ್ಟರಲ್ಲಿ ಮುಖ್ಯಸ್ಥರು “ಮುದ್ದೆ ಆರೋಯ್ತದೆ ಸಾರ್” ಎಂದು ತಮ್ಮನ್ನು ಊಟಕ್ಕೆ ಕರೆದೊಯ್ದರು. ತಾವೂ ಹಿಂದೆ ತಿರುಗಿ ನೋಡಲಿಲ್ಲ.

ತಾವು ಯಾವ ಸೀಮೆಯವರೋ ಕಾಣೆ. ನಮ್ಮ ಅತ್ತೆಯಂಥವರು ಬಂದವರ ಮುಂದೆ ಗೋಳು ತೋಡಿಕೊಳ್ಳುವುದಿಲ್ಲ, ಊಟಕ್ಕೆ ಏಳಿ ಎನ್ನುತ್ತಾರೆ. ಅವರ ಕಣ್ಣಿಗೆ ತಾವು ಅಧಿಕಾರಿಯಲ್ಲ, ಬಂದ ನೆಂಟ. ನೆಂಟ ಬಂದಾಗ ಎದ್ದು ನಿಲ್ಲಲಾಗದ್ದಕ್ಕೆ ನಾಚಿ ಕ್ಷಮೆ ಕೇಳಿದರು. ತಾವು ಸರ್ಕಾರಿ ಜೀಪು ಹತ್ತಿ ಹುಡುಕಿಕೊಂಡು ಬಂದ ದೂರು ಅದೇ ಆಗಿತ್ತು. ಕಿವಿಗೆ ಬಿದ್ದರೂ ಅದನ್ನು ಉಪಚಾರದ ಮಾತೆಂದು ತಿಳಿದಿರಿ.

ಅತ್ತೆ ಈಗ ಮನೆಯಲ್ಲಿದ್ದಾರೆ. ಇಬ್ಬರು ಹಿಡಿದರೂ ಅವರ ಮಂಡಿ ನೆಟ್ಟಗಾಗುವುದಿಲ್ಲ. ಇನ್ನು ನಡೆಯುವುದು ಕಷ್ಟ ಎಂದಿದ್ದಾರೆ ಡಾಕ್ಟರು. ಆದರೆ ನಾವು ಹೊರಡುವ ಹೊತ್ತಿಗೆ ಪಕ್ಕದ ಮಂಚಕ್ಕೆ ಸೇರಿದ ಮಳವಳ್ಳಿಯ ಮುದ್ದಮ್ಮನವರು ಇನ್ನೂ ಅಲ್ಲೇ ಇದ್ದಾರೆ. ಅವರ ಕಾಲಲ್ಲಿ ಕಸುವು ಉಳಿದಿರುವಾಗಲೇ ಆ ದರ್ಜೆಯನ್ನು ಹಿಂದಕ್ಕೆ ಪಡೆಯಿರಿ. ಯಾರಿಗೂ ಹೇಳದೆ, ಮನೆಯಲ್ಲೇ ಊಟ ಮುಗಿಸಿಕೊಂಡು ಅಲ್ಲಿಗೆ ಇನ್ನೊಮ್ಮೆ ಹೋಗಿ. ಮುದ್ದಮ್ಮನವರನ್ನು ಚೆನ್ನಾಗಿದ್ದೀರಾ ಎಂದು ಕೇಳಬೇಡಿ, ಅವರೂ ಚೆನ್ನಾಗಿದ್ದೇನೆ ಎಂದೇ ಹೇಳುತ್ತಾರೆ. ಕೈ ಕೊಟ್ಟು, ಏಳಮ್ಮ ಎನ್ನಿ. ಅವರು ಎದ್ದರೆ ದರ್ಜೆ ಬರೆಯಿರಿ.

ಇಂತಿ,
ತಾವು ನಮ್ಮ ಮನೆಗೆ ಬಂದರೂ ಎದ್ದು ಬರಮಾಡಿಕೊಳ್ಳಲಾಗದ ಹೊಂಬಾಳಮ್ಮನವರ ಸೊಸೆ
ವೀಣ, ಕೆರಗೋಡು