ಹಾಸಿನ ಆಚೆ ಬದಿ

ಅಕ್ಟೋಬರ್ 12, ಭಾನುವಾರ. ಬೆಳಿಗ್ಗೆ 6.40, ಹಾಸ್ಟೆಲ್

ಚಾರ್ಜರ್ ಇಟ್ಟೆ. ಪವರ್ ಬ್ಯಾಂಕ್ ಇಟ್ಟೆ. ಜಿಪ್ ಎಳೆದೆ. ಮತ್ತೆ ತೆಗೆದು ಚಾರ್ಜರ್ ಇದೆಯಾ ನೋಡಿದೆ. ಇದೆ. ಮಾತ್ರೆ, ಎರಡು ಪೆನ್, ಐಡಿ ಕಾರ್ಡ್. ಹಳ್ಳಿಯಲ್ಲಿ ಐಡಿ ಕಾರ್ಡ್ ಯಾರು ಕೇಳುತ್ತಾರೆ? ಗೊತ್ತಿಲ್ಲ. ಇರಲಿ.

ಫಸ್ಟ್ ಇಯರ್ ಫೀಲ್ಡ್ ವರ್ಕ್: ‘ಜಿಲ್ಲೆಯ ಹಬ್ಬ, ಕಸುಬು, ಹಾಡು’. ಇಬ್ಬಿಬ್ಬರ ಟೀಮ್. ನನಗೆ ಸನೋಬರ್ ಸಿಕ್ಕಿದ್ದು ಪುಣ್ಯ. ಮಾತೆಲ್ಲ ಅವಳದು, ನನ್ನದು ಬರೀ ವಿಡಿಯೊ. ಅವಳ ಚಾಚಾ ಬಡೇಸಾಬ್ ಹಾರ್ಮೋನಿಯಂ ರಿಪೇರಿ ಮಾಡುವವರು. ಪ್ರತಿ ವರ್ಷ ಕಾರ್ತೀಕದ ಭಜನೆ ಶುರುವಾಗುವ ಮುಂಚೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಊರೂರು ಸುತ್ತಿ ಭಜನೆ ಪೆಟ್ಟಿಗೆಗಳನ್ನು ಸರಿ ಮಾಡಿ ಬರುತ್ತಾರೆ. ಅವರ ಹಳೇ ಆಮ್ನಿಯಲ್ಲಿ ಈ ಸಲ ನಾವಿಬ್ಬರು.

ಚಾಚಾ ಹತ್ತಿರ ಫೋನ್ ಇಲ್ಲ. ರಿಂಗ್‌ಟೋನ್ ಕೇಳಿ ಕೇಳಿ ಕಿವಿ ಕೆಟ್ಟರೆ ಅನ್ನ ಯಾರು ಹಾಕುತ್ತಾರೆ ಅನ್ನುತ್ತಾರಂತೆ.

ಫೋನ್ ಇಲ್ಲದ ಮನುಷ್ಯ. ಎಂಥ ನೆಮ್ಮದಿ ಇರಬೇಕು.

ಅ. 13, ಸೋಮವಾರ. ಬೆಳಿಗ್ಗೆ 10, ಆಮ್ನಿ ಒಳಗೆ

ಅಕ್ಷರ ಕೆಟ್ಟಿದೆ. ಗಾಡಿ ಕುಲುಕುತ್ತಿದೆ ಅಂತ ಅಂದುಕೊಳ್ಳೋಣ. ಗಾಡಿ ನಿಂತಿದೆ.

ಆರ್ಡರ್ ಪ್ರಕಾರ ಬರೆಯುತ್ತೇನೆ.

ಜವನಗೊಂಡನಹಳ್ಳಿ ಹತ್ತಿರದ ಒಂದು ಕುರುಬರ ಹಟ್ಟಿ. ಚಾಚಾ ಗುಡಿಯ ಕಟ್ಟೆ ಮೇಲೆ ಪೆಟ್ಟಿಗೆ ಬಿಚ್ಚಿಕೊಂಡು ಕೂತರು. ನಾವು ಕಂಬಳಿ ನೇಯುವ ಮನೆಗೆ ಹೋದೆವು. ಸಿದ್ದಕ್ಕ, ಅವರ ಗಂಡ ರಂಗಯ್ಯ. ಓಣಿಯ ಉದ್ದಕ್ಕೂ ಕರಿ ಉಣ್ಣೆಯ ನೂಲನ್ನು ಎರಡು ಗೂಟಗಳ ನಡುವೆ ಎಳೆದು ಕಟ್ಟಿದ್ದರು — ಮೊಳಕಾಲೆತ್ತರ, ಒಂದು ಬಸ್ಸಿನಷ್ಟು ಉದ್ದ. ಹಾಸು ಅನ್ನುತ್ತಾರೆ. ಸಿದ್ದಕ್ಕ ದೊಡ್ಡ ಕುಂಚದಲ್ಲಿ ಅದಕ್ಕೆ ಹುಣಸೆ ಬೀಜದ ಗಂಜಿ ಹಚ್ಚುತ್ತಿದ್ದರು. ಗಂಜಿ ಒಣಗಿ ನೂಲು ಗಟ್ಟಿಯಾದ ಮೇಲೆ ಮಗ್ಗಕ್ಕೆ. ಕುರಿ, ಹೊಗೆ, ಹುಳಿ ಎಲ್ಲ ಸೇರಿದ ಒಂದು ವಾಸನೆ. ನನಗೆ ಇಷ್ಟವಾಯಿತು.

‘ಬರ್ರವ್ವಾ, ನೆಳ್ಳಿಗೆ ಕುಂತ್ಕಳ್ರಿ,’ ಅಂದರು ಸಿದ್ದಕ್ಕ. ರಂಗಯ್ಯ ಫೋಟೊ ಕಳಿಸಿ ಅಂತ ನಂಬರ್ ಕೇಳಿದರು. ಸನೋಬರ್ ಫೋನ್ ಚಾರ್ಜ್ ಇಲ್ಲದೆ ಆಫ್ ಆಗಿತ್ತು. ನನ್ನದು ಕೊಟ್ಟೆ. ಆಮೇಲೆ ಸನೋಬರ್ ರಂಗಯ್ಯನ ಜೊತೆ ಮಗ್ಗ ನೋಡಲು ಒಳಗೆ ಹೋದಳು.

ನಾನು ಹೊರಗೆ, ಬೇವಿನ ಮರದ ಕಡೆ ನಿಂತು ಶೂಟ್ ಮಾಡುತ್ತಿದ್ದೆ. ಬಿಸಿಲು ಎದುರಿಗೆ. ಜಗುಲಿ ಕಡೆಯಿಂದ ತೆಗೆದರೆ ಚೆನ್ನಾಗಿ ಬರುತ್ತದೆ. ಗೂಟ ಸುತ್ತಿಕೊಂಡು ಹೋಗಬೇಕಿತ್ತು. ಸುತ್ತಲಿಲ್ಲ. ದಾಟಿದೆ. ಒಂದೇ ಹೆಜ್ಜೆ. ನೂಲಿಗೆ ಕಾಲು ತಾಗಲೂ ಇಲ್ಲ.

ಕುಂಚ ನಿಂತಿತು.

‘ಏ ಹುಡುಗೀ! ಬಾರೇ ಇಲ್ಲಿ!’

ಎಂಟು ವರ್ಷ ಸ್ಕೂಲ್ ಹಾಸ್ಟೆಲ್. ‘ಬಾರೇ ಇಲ್ಲಿ’ ಅಂದರೆ ಏನು ಅಂತ ನನ್ನ ಕಾಲಿಗೇ ಗೊತ್ತು, ತಲೆಯವರೆಗೆ ಹೋಗುವುದೇ ಬೇಡ. ಸಾರಿ ಸಾರಿ ಅನ್ನುತ್ತಾ ಗೂಟ ಸುತ್ತಿ ಓಡಿದೆ. ಆಮ್ನಿ ಹತ್ತಿ ಡೋರ್ ಎಳೆದುಕೊಂಡೆ. ಹಿಂದೆ ಏನೋ ಕೂಗುತ್ತಲೇ ಇದ್ದರು.

ಸನೋಬರ್ ಈಗ ಹಿತ್ತಲ ಕಡೆಯಿಂದ ಬಂದಳು. ಅವಳಿಗೇನೂ ಗೊತ್ತಿಲ್ಲ. ಖುಷಿಯಲ್ಲಿ ಹೇಳುತ್ತಿದ್ದಾಳೆ — ‘ಗೊತ್ತೇನೇ, ಅದು ಮಾರೋ ಕಂಬಳಿ ಅಲ್ವಂತೆ. ದೀಪಾವಳಿ ಪಾಡ್ಯದ ದಿನ ಕುರಿ ರೊಪ್ಪದಲ್ಲಿ ದೇವರನ್ನ ಕೂರಿಸ್ತಾರಲ್ಲ, ಅದರ ಕೆಳಗೆ ಗದ್ದುಗೆಗೆ ಹಾಸೋದಂತೆ. ಅದನ್ನ ನೇಯೋವರೆಗೂ ಅವರು ಕಾಲಿಗೆ ಚಪ್ಪಲಿನೂ ಹಾಕಲ್ವಂತೆ, ರಂಗಯ್ಯ ಹೇಳಿದ್ರು.’

ನನ್ನ ಕಾಲಲ್ಲಿ ಶೂಸ್.

ಅದೇ ದಿನ, ಸಂಜೆ 6, ಹಿರಿಯೂರು

ಸನೋಬರ್ ಅತ್ತೆ ತಾಜ್ ಬೀ ಮನೆ. ಎರಡು ಥರ ಪಲ್ಯ, ಚಪಾತಿ. ಅರ್ಧ ಚಪಾತಿ ತಟ್ಟೆಯಲ್ಲೇ ಬಿಟ್ಟೆ. ‘ಬಸ್ಸಿನ್ ತಲೆನೋವು ಇರ್ಬೇಕು ಪಾಪ,’ ಅಂದರು. ಬಸ್ಸಿನಲ್ಲಿ ಬಂದಿಲ್ಲ. ಹೂಂ ಅಂದೆ.

ಗೂಗಲ್ ಮಾಡಿದೆ. ದೇವರ ಕಂಬಳಿ ದಾಟಿದರೆ ಏನಾಗುತ್ತದೆ. ಕಂಬಳಿ ಒಗೆಯುವುದು ಹೇಗೆ ಅಂತ ಬಂತು.

ಮೂರು ಮಿಸ್ಡ್ ಕಾಲ್. ಸೇವ್ ಆಗದ ನಂಬರ್. ಸೈಲೆಂಟ್‌ಗೆ ಹಾಕಿದೆ.

ಅ. 15, ಬುಧವಾರ. ಮಧ್ಯಾಹ್ನ, ಹೊಸದುರ್ಗ

ನಿನ್ನೆ ಬರೆಯಲಿಲ್ಲ. ನಿನ್ನೆ ಐದು ಕಾಲ್. ಅದೇ ನಂಬರ್. ಬ್ಲಾಕ್ ಮಾಡಲು ಹೋಗಿ ಬಿಟ್ಟೆ. ಬ್ಲಾಕ್ ಮಾಡಿದರೆ ದೇವರನ್ನೇ ಬ್ಲಾಕ್ ಮಾಡಿದ ಹಾಗಾಗುತ್ತದೇನೋ. ಹುಚ್ಚು. ಗೊತ್ತು.

ಇಲ್ಲಿ ಪಂಚಾಕ್ಷರಪ್ಪ ಅನ್ನುವವರ ಭಜನೆ ಮಂಡಳಿ. ಅರವತ್ತು ದಾಟಿದ ಮನುಷ್ಯ, ಪೆಟ್ಟಿಗೆಯನ್ನು ಮಗುವಿನ ಹಾಗೆ ಟವೆಲ್ ಸುತ್ತಿ ತಂದರು. ಒಂದು ಬಿಳಿ ಕೀ ಮೇಲೆ ಬ್ಯಾಂಡೇಜ್ ಟೇಪ್. ಅದು ಒತ್ತದೇ ತಾನಾಗಿ ಕೂಗುತ್ತಿತ್ತಂತೆ. ಪೆಟ್ಟಿಗೆ ಒಡೆದಿದೆ ಅಂತ ಹೆದರಿ ಒಳಗೆ ಹತ್ತಿ ತುರುಕಿ, ಮೇಲೆ ಟೇಪ್ ಅಂಟಿಸಿದ್ದಾರೆ.

‘ಎರಡು ವರ್ಷ ಆ ಸ್ವರ ಬಿಟ್ಟೇ ಹಾಡೀನಿ ಬಡೇಸಾಬ್ರೆ. ಮಂಡಳಿಯೋರಿಗೂ ಹೇಳಿಲ್ಲ.’

‘ಅದಕ್ಕೇ ಹೋದ ವರ್ಷ ಬಂದಾಗ ಪೆಟ್ಟಿಗೆ ಊರಾಗಿಲ್ಲ ಅಂದ್ರಾ?’

‘ಮಂಚದ ಕೆಳಗಿತ್ತು,’ ಅಂದರು ಪಂಚಾಕ್ಷರಪ್ಪ. ಮುಖ ಕೆಂಪು.

ಚಾಚಾ ಸ್ಕ್ರೂ ಬಿಚ್ಚಿದರು. ಹತ್ತಿ ತೆಗೆದರು. ಹಿತ್ತಾಳೆ ಪಟ್ಟಿಯ ಹತ್ತಿರ ಬಾಯಿಟ್ಟು ಉಫ್ ಅಂತ ಊದಿದರು. ಏನೋ ಹಾರಿ ಅವರ ಗಡ್ಡಕ್ಕೆ ಅಂಟಿತು.

‘ಜಿರಲೆ ರೆಕ್ಕೆ. ಇಷ್ಟೇ. ಒಡೆದೂ ಇಲ್ಲ, ಏನೂ ಇಲ್ಲ.’

ಪಂಚಾಕ್ಷರಪ್ಪ ಆ ಕೀ ಒತ್ತಿದರು. ಬಿಟ್ಟರು. ಮತ್ತೆ ಒತ್ತಿದರು. ನಾಚಿಕೆಯೋ ನಗುವೋ, ಟವೆಲ್‌ನಿಂದ ಮುಖ ಒರೆಸಿಕೊಂಡರು. ಆಮೇಲೆ ಹಾಡಿದರು ನೋಡು — ಪ್ರತಿ ಸಾಲನ್ನೂ ಆ ಸ್ವರದ ಮೇಲೇ ತಂದು ನಿಲ್ಲಿಸುತ್ತಿದ್ದರು. ಬೇಕಿದ್ದ ಕಡೆ, ಬೇಡದ ಕಡೆ. ಸನೋಬರ್ ನಕ್ಕು ನಕ್ಕು ಅತ್ತಳು. ಒಂದು ಹಾಡಿನಷ್ಟು ಹೊತ್ತು ನನಗೂ ಎಲ್ಲ ಮರೆತಿತ್ತು.

ಫೋನ್ ಮತ್ತೆ ನಡುಗುತ್ತಿದೆ.

ಅ. 17, ಶುಕ್ರವಾರ. ಸಂಜೆ 5.30, ಹೊಳಲ್ಕೆರೆ

ಮುಗಿಯಿತು. ಇಲ್ಲ, ಮುಗಿದಿಲ್ಲ. ಆದರೆ ಉಸಿರು ಬಂತು.

ಮಧ್ಯಾಹ್ನ ಪಕ್ಕದ ಲಂಬಾಣಿ ತಾಂಡಾಕ್ಕೆ ಹೋಗಿದ್ದೆವು. ದೀಪಾವಳಿಗೆ ಹುಡುಗಿಯರು ಮನೆ ಮನೆಗೆ ದೀಪ ಹಿಡಿದು ಹಾಡುತ್ತಾ ಹೋಗುತ್ತಾರೆ; ಅದರ ಪ್ರಾಕ್ಟೀಸ್. ದೀಪದ ಬದಲು ಸ್ಟೀಲ್ ಲೋಟ ಹಿಡಿದಿದ್ದರು. ನನ್ನ ವಯಸ್ಸಿನವರೇ. ಮರೆತ ಕಡೆ ಒಬ್ಬರನ್ನೊಬ್ಬರು ಚಿವುಟಿ ನಗುತ್ತಾ, ಮತ್ತೆ ಮೊದಲಿನಿಂದ. ನನ್ನ ವಿಡಿಯೊ ಪೂರ್ತಿ ಅಲುಗಾಡಿದೆ. ಅಷ್ಟು ಹೊತ್ತೂ ಕಾಲ್ ಬರುತ್ತಿತ್ತು.

ವಾಪಸ್ ಬರುವಾಗ ಅಡಿಕೆ ಮಂಡಿ ಹತ್ತಿರ ಚಾಚಾ ಗಾಡಿ ಸೈಡಿಗೆ ಹಾಕಿದರು.

‘ಬೇಟಾ, ನಿನ್ನ ಬ್ಯಾಗಿನಾಗೆ ಏನೋ ಒಂದು ನಾಕು ದಿನದಿಂದ ಪೆಟ್ಟಿಗೆ ಕರಿ ಮೂರರ ಸ್ವರದಾಗೆ ಗುಂಯ್ ಅಂತೈತೆ. ಅದರ ಬಾಯಿ ಮುಚ್ಚಿಸ್ತೀಯೋ, ನಾನೇ ಬಿಚ್ಚಲೋ?’

ಅಳು ಬಂತು. ಎಲ್ಲ ಹೇಳಿದೆ. ಹಾಸು, ಶೂಸ್, ಗದ್ದುಗೆ, ಹನ್ನೊಂದು — ಇಲ್ಲ, ಅಷ್ಟೊತ್ತಿಗೆ ಹತ್ತೊಂಬತ್ತು ಕಾಲ್. ಸನೋಬರ್ ಬಾಯಿ ಬಿಟ್ಟುಕೊಂಡು ಕೂತಳು. ‘ನಾಕು ದಿನ ಪಕ್ಕದಲ್ಲೇ ಮಲಗಿದ್ದೀಯಲ್ಲೇ! ಒಂದ್ ಮಾತು ಹೇಳಕ್ಕೇನಾಗಿತ್ತು ನಿಂಗೆ?’ ಏನೂ ಆಗಿರಲಿಲ್ಲ. ಹೇಳಲಿಲ್ಲ ಅಷ್ಟೇ.

ಚಾಚಾ ನಗಲಿಲ್ಲ, ಬೈಯಲೂ ಇಲ್ಲ. ‘ಮೂವತ್ತು ವರ್ಷದಿಂದ ಆ ಹಟ್ಟಿ ಪೆಟ್ಟಿಗೆ ನೋಡ್ತೀನಿ. ಸಿದ್ದಕ್ಕ ಬೈದ್ರೆ ಬೈಸ್ಕಬೇಕು, ಊಟ ಹಾಕಿದ್ರೆ ಉಣ್ಣಬೇಕು. ಎತ್ತು.’

ಆಗಲೇ ಮತ್ತೆ ಬಂತು. ಎತ್ತಿದೆ. ಸ್ಪೀಕರ್ ಆನ್.

‘ಹಲೋ... ಆಂಟಿ, ನಾನು ಅಂಜಲಿ—’

‘ಅಯ್ಯೋ, ಬದುಕೀಯೇನೇ ತಾಯಿ! ಫೋನ್ ಯಾಕೆ ಇಟ್ಕಂಡೀಯ, ಮಂಗಳಾರತಿ ಎತ್ತಾಕಾ?’

‘ಸಾರಿ ಆಂಟಿ, ಬೇಕು ಅಂತ ಮಾಡಿದ್ದಲ್ಲ, ಶೂಸ್ ಬೇರೆ ಹಾಕಿದ್ದೆ, ನಿಮ್ಮ ದೇವರ—’

‘ಉಸ್ರು ಬಿಡು ಮದ್ಲು. ದಾಟ್ದೆ. ಆತು. ಮಕ್ಳು ದಾಟ್ತಾವೆ, ನಾಯಿ ದಾಟ್ತಾವೆ. ದಾಟ್ದೋರು ತಿರುಗಿ ದಾಟ್ಬೇಕು, ಅಷ್ಟೇ ಅಲ್ವೇನೇ? ಅದಕ್ಕೇ ಕರೆದೆ. ಸಂತೆಗೆ ಹೊತ್ತಾದೋರಂಗೆ ಓಡಿಬಿಟ್ಟೆ! ಹಸಿ ಗಂಜಿ ಬಿಟ್ಟು ನಾ ಬರಾದ್ರಾಗೆ ಗಾಡಿನೇ ಹೋಗಿತ್ತು.’

ಅಷ್ಟೇನಾ. ನನ್ನ ಬಾಯಿಂದ ಮೊದಲು ಬಂದದ್ದು ಇದೊಂದೇ ಮಾತು. ಅಷ್ಟೇನಾ.

‘ಬೇರೆ ಯಾರಾದ್ರೂ ದಾಟಿದ್ರೆ ಆಗಲ್ವಾ?’ ಅಂತ ಆಮೇಲೆ ಕೇಳಿದೆ.

‘ನಿನ್ನ ಹೆಜ್ಜೆನ ಬ್ಯಾರೇರು ಹೆಂಗೆ ವಾಪಸ್ ತಗಂತಾರೆ? ಹಾಸು ಒಣಗಿಸಿ ಸುತ್ತಿ ಅಟ್ಟದ ಮ್ಯಾಲೆ ಇಟ್ಟೀನಿ. ನಾಳಿಕ್ಕೆ ಮಗ್ಗಕ್ಕೆ ಏರಿಸಿದ್ರೆ ಪಾಡ್ಯಕ್ಕೆ ಆಗ್ತೈತೆ. ಇಲ್ಲಾಂದ್ರೆ ಈ ವರ್ಷ ದೇವರಿಗೆ ಹಳೇ ಕಂಬಳಿನೇ. ಬರ್ತೀಯೋ, ಇಲ್ಲೋ?’

ಅಂದರೆ ನನ್ನ ಹೆಜ್ಜೆಯಿಂದ ಏನೂ ಕೆಟ್ಟಿರಲಿಲ್ಲ. ನಾನು ಫೋನ್ ಎತ್ತದೇ ಇದ್ದದ್ದರಿಂದ ನಾಲ್ಕು ದಿನ ಮಗ್ಗ ಖಾಲಿ ನಿಂತಿದೆ.

ಹೊಳಲ್ಕೆರೆಯಲ್ಲಿ ಇನ್ನೂ ಮೂರು ಪೆಟ್ಟಿಗೆ ಬಾಕಿ. ಚಾಚಾ ಕಡೆ ನೋಡಿದೆ. ‘ಅವು ಎಲ್ಲಿಗೂ ಓಡಿ ಹೋಗಲ್ಲ,’ ಅಂದರು. ‘ಬೆಳಿಗ್ಗೆ ಬೇಗ ಹೊರಡಾಣ.’

ಅ. 18, ಶನಿವಾರ. ಬೆಳಿಗ್ಗೆ 11, ಸಿದ್ದಕ್ಕನ ಜಗುಲಿ

ದುರ್ಗ ದಾಟುವಾಗ ಧೈರ್ಯ ಮಾಡಿ ಆ ದಿನದ ವಿಡಿಯೊ ಓಪನ್ ಮಾಡಿದೆ. ಇಷ್ಟು ದಿನ ಅದರ ಮುಖ ನೋಡಿರಲಿಲ್ಲ. ನೂಲು, ಕುಂಚ, ನನ್ನ ಶೂ, ‘ಏ ಹುಡುಗೀ, ಬಾರೇ ಇಲ್ಲಿ!’ ಆಮೇಲೆ ಪಿಕ್ಚರ್ ಬರೀ ಮಣ್ಣು, ಆಕಾಶ, ಮಣ್ಣು. ನನ್ನ ಸಾರಿ ಸಾರಿ. ಅದರ ಹಿಂದೆ, ದೂರದಲ್ಲಿ, ಸಿದ್ದಕ್ಕನ ದನಿ — ‘ತಿರುಗಿ ದಾಟವ್ವಾ, ಆತು ಅಷ್ಟೇ! ಹೆದ್ರಬ್ಯಾಡ!’

ಹೆದ್ರಬ್ಯಾಡ ಅಂದಿದ್ದರು. ಐದು ದಿನದಿಂದ ನನ್ನ ಫೋನಿನಲ್ಲೇ ಇತ್ತು. ಸನೋಬರ್ ಮೂರು ಸಲ ಪ್ಲೇ ಮಾಡಿದಳು. ಮೂರನೇ ಸಲ ನಾನೂ ನಕ್ಕೆ.

ಇಲ್ಲಿ ಬಂದರೆ ಹಾಸನ್ನು ಅಟ್ಟದಿಂದ ಇಳಿಸಿ ಓಣಿಯಲ್ಲಿ ಮತ್ತೆ ಬಿಚ್ಚಿ ಎಳೆದಿದ್ದರು. ಗೂಟ ಅದೇ ಜಾಗ. ಪಕ್ಕದ ಮನೆಯವರೂ ಬಂದು ನಿಂತಿದ್ದರು. ವೈವಾ ಎಕ್ಸಾಮಿಗೆ ನಿಂತ ಹಾಗಿತ್ತು. ಶೂಸ್ ಗಾಡಿಯಲ್ಲೇ ಬಿಟ್ಟು ಬಂದಿದ್ದೆ.

‘ಯಾವ ಕಡೆಯಿಂದ ದಾಟಿದ್ದು?’ ರಂಗಯ್ಯ.

‘ಬೇವಿನ ಮರದಿಂದ ಈ ಕಡೆಗೆ. ವಿಡಿಯೊದಲ್ಲಿದೆ.’

‘ಹಂಗಾದ್ರೆ ಈ ಕಡೆಯಿಂದ ಮರದ ಕಡೆಗೆ ಹೋಗು.’

‘ಯಾವ ಕಾಲು ಮೊದಲು ಹಾಕಲಿ? ಬಲಗಾಲಾ? ಏನಾದರೂ ಹೇಳಬೇಕಾ?’

‘ಇರೋ ಕಾಲು ಹಾಕೇ ತಾಯಿ,’ ಅಂದರು ಸಿದ್ದಕ್ಕ. ‘ಹೊತ್ತೇರ್ತೈತೆ.’

ಲಂಗ ಎತ್ತಿ ಹಿಡಿದು ದಾಟಿದೆ. ಒಂದೇ ಹೆಜ್ಜೆ. ಆ ಕಡೆ ನಿಂತೆ. ಏನೂ ಆಗಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಕೈ ಮುಗಿಯಲೂ ಇಲ್ಲ. ರಂಗಯ್ಯ ಆಗಲೇ ಗೂಟ ಬಿಚ್ಚುತ್ತಿದ್ದರು. ಎದೆಯ ಮೇಲಿಂದ ಏನೋ ಎದ್ದು ಹೋಯಿತು. ಬೇವಿನ ಮರಕ್ಕೆ ಒರಗಿದೆ.

‘ನಾಯಿ ದಾಟಿದ್ರೆ ಏನ್ಮಾಡ್ತೀರ?’ ಅಂತ ಕೇಳಿದಳು ಸನೋಬರ್, ನೋಟ್‌ಬುಕ್ ತೆಗೆದು.

‘ಕರೆದು ತಿರುಗಿ ದಾಟಿಸ್ತೀವಿ,’ ಅಂದರು ಸಿದ್ದಕ್ಕ. ‘ ನಾಯಿ ಈ ಹುಡುಗಿಗಿಂತ ವಾಸಿ, ಕರೆದ್ರೆ ಬರ್ತೈತೆ.’

ಓಣಿಗೆ ಓಣಿಯೇ ನಕ್ಕಿತು. ಚಾಚಾ ಕೂಡ.

ಆಮೇಲೆ ಸಿದ್ದಕ್ಕ ಪಕ್ಕ ಕೂತು ಹೇಳಿದರು. ‘ಮಲಗಿರೋ ಕೂಸನ್ನ ಯಾರಾದ್ರೂ ದಾಟಿದ್ರೆ, ಬೆಳೆಯಲ್ಲ ಅಂತ ತಿರುಗಿ ದಾಟಿಸ್ತಾರಲ್ಲ, ಇದೂ ಹಂಗೇ. ಹಾಸು ಇನ್ನೂ ಬೆಳೀಬೇಕಲ್ಲ. ನಿಮ್ಮ ಮನ್ಯಾಗೆ ಹೇಳಿಕೊಟ್ಟಿಲ್ವಾ?’

‘ನಾನು ಹಾಸ್ಟೆಲ್‌ನಲ್ಲಿ ಬೆಳೆದಿದ್ದು ಆಂಟಿ. ಸಾಲಾಗಿ ಚಾಪೆ ಹಾಸಿ ಮಲಗ್ತಿದ್ವಿ. ಎಲ್ಲರೂ ಎಲ್ಲರನ್ನೂ ದಾಟ್ಕೊಂಡೇ ಬಾತ್ರೂಮಿಗೆ ಹೋಗ್ತಿದ್ವಿ.’

ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಅದಕ್ಕೇ ಇಷ್ಟೇ ಇದೀಯ,’ ಅಂದರು.

ಐದಡಿ ಅರ್ಧ ಇಂಚು. ಫೈನಲಿ ಕಾರಣ ಗೊತ್ತಾಯಿತು.

ಒಳಗೆ ಮಗ್ಗದ ಸದ್ದು ಶುರುವಾಗಿದೆ. ಕೇಳುತ್ತಾ ಬರೆಯುತ್ತಿದ್ದೇನೆ. ರಾಗಿ ಮುದ್ದೆ ಎರಡು ತಿಂದೆ. ಎರಡು!

ಅ. 22, ಬುಧವಾರ. ಪಾಡ್ಯ, ಸಂಜೆ 4

ಮತ್ತೆ ಹಟ್ಟಿ. ಹೊಳಲ್ಕೆರೆ ಪೆಟ್ಟಿಗೆಗಳು ಮುಗಿದವು. ಮೊನ್ನೆ ಸಂಜೆ ರಂಗಯ್ಯ ಫೋಟೊ ಕಳಿಸಿದರು: ಮಗ್ಗದಿಂದ ಇಳಿದ ಕಂಬಳಿ, ಗೋಡೆಗೆ ನೇತು ಹಾಕಿದ್ದು. ಕೆಳಗೆ ಸಿದ್ದಕ್ಕನ ಒಂದು ವಾಯ್ಸ್ ಮೆಸೇಜ್. ತಕ್ಷಣ ಕೇಳಿದೆ. ‘ಆತು. ಬರ್ರಿ.’

ಈ ನಂಬರ್ ಈಗ ‘ಸಿದ್ದಕ್ಕ ಹಟ್ಟಿ’ ಅಂತ ಸೇವ್ ಆಗಿದೆ.

ರೊಪ್ಪದಲ್ಲಿ ಕುರಿಗಳ ಬೆನ್ನಿಗೆ ಕೆಮ್ಮಣ್ಣು ಬಳಿದು, ಕೊರಳಿಗೆ ಚೆಂಡು ಹೂವಿನ ಸರ ಹಾಕಿದ್ದಾರೆ. ಒಂದರ ಸರ ಇನ್ನೊಂದು ತಿನ್ನುತ್ತಿದೆ. ಬೇಲಿಯ ಪಕ್ಕ ಯಾರೋ ಪೆಟ್ಟಿಗೆ ನುಡಿಸುತ್ತಿದ್ದಾರೆ. ಚಾಚಾ ಬಿಳಿ ಟೋಪಿ ಸರಿ ಮಾಡಿಕೊಂಡು ದೂರದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ತಲೆ ಒಂದು ಕಡೆ ವಾಲಿದೆ. ಯಾವುದೋ ಸ್ವರಕ್ಕೆ ಕಾಯುತ್ತಿದ್ದಾರೆ. ಬಂತು ಅನಿಸುತ್ತದೆ, ತಲೆ ಆಡಿಸಿದರು. ಹೆಂಗಸರು ಹಾಡು ಎತ್ತಿದ್ದಾರೆ. ಪದ ಅರ್ಧ ಅರ್ಥವಾಗುತ್ತಿಲ್ಲ. ಪರವಾಗಿಲ್ಲ, ಆಮೇಲೆ ಕೇಳುತ್ತೇನೆ. ಕೇಳಬಹುದು.

ವಿಡಿಯೊ ಸನೋಬರ್ ಮಾಡುತ್ತಿದ್ದಾಳೆ. ನನ್ನ ಫೋನ್ ಬ್ಯಾಗಿನಲ್ಲಿದೆ, ರಿಂಗರ್ ಆನ್.

ಕಂಬಳಿ ಮಡಿಸಿದ್ದು ಸಿದ್ದಕ್ಕನ ತೋಳಿನ ಮೇಲಿದೆ. ಅಂಚು ಬಣ್ಣ ಏನೂ ಇಲ್ಲ, ಬರೀ ಕಪ್ಪು. ಇನ್ನೂ ಹುಣಸೆ ಗಂಜಿಯ ವಾಸನೆ ಇರಬೇಕು. ಗದ್ದುಗೆಗೆ ಹಾಸುವುದಕ್ಕೆ ನಾಲ್ಕು ತುದಿ ನಾಲ್ಕು ಜನ ಹಿಡಿಯಬೇಕಂತೆ. ಮೂವರು ನಿಂತಿದ್ದಾರೆ. ಸಿದ್ದಕ್ಕ ಸುತ್ತ ನೋಡುತ್ತಿದ್ದಾರೆ, ಯಾರನ್ನೋ ಹುಡುಕುವ ಹಾಗೆ.

‘ಏ ಹುಡುಗೀ! ಬಾರೇ ಇಲ್ಲಿ!’

ಬಂದೆ ಸಿದ್ದಕ್ಕ, ಬಂದೆ, ಚಪ್ಪಲಿ ಬಿಟ್ಟು